ಪಂಡಿತಾ ರಮಾಬಾಯಿಯವರ ‘ಸಾಕ್ಷ್ಯ’: ಬರಗಾಲದ ಸ್ಮೃತಿ ಮತ್ತು ಭರವಸೆ

ಪಂಡಿತಾ ರಮಾಬಾಯಿ ಸರಸ್ವತಿಯವರು (೧೮೫೮–೧೯೨೨) ೧೯೦೭ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಎ ಟೆಸ್ಟಿಮನಿ ಆಫ್ ಅವರ್ ಇನೆಕ್ಸಾಸ್ಟಿಬಲ್ ಟ್ರೆಷರ್’ ಎಂಬ ಪುಸ್ತಕವು ಗಾತ್ರದಲ್ಲಿ ಚಿಕ್ಕದು. ಆದರೆ ಹತ್ತೊಂಬತ್ತನೆಯ ಶತಮಾನದ ಬರಗಾಲವನ್ನು ಅಧಿಕಾರಿಗಳ ವರದಿಯ ಮೂಲಕವಲ್ಲದೆ ಹಸಿದವರ ಬಾಯಿಂದಲೇ ಕೇಳಿಸುವ ಬರಹಗಳು ನಮಗೆ ವಿರಳವಾಗಿರುವುದರಿಂದ, ಇತಿಹಾಸದ ವಿದ್ಯಾರ್ಥಿಗಳಿಗೆ ಅದು ಅಮೂಲ್ಯವಾದುದು. ‘ನಮ್ಮ ಅಕ್ಷಯ ನಿಧಿಯ ಸಾಕ್ಷ್ಯ’ ಎಂದು ಅದರ ಹೆಸರನ್ನು ಕನ್ನಡಿಸಬಹುದು. ಮುಂದೆ ‘ಸಾಕ್ಷ್ಯ’ವೆಂದೇ ಅದನ್ನು ನಿರ್ದೇಶಿಸುತ್ತೇವೆ. ಈ ಪುಸ್ತಕವನ್ನು ಬಹುಮಟ್ಟಿಗೆ ಎರಡು ಪಕ್ಷದವರು ಓದುತ್ತ ಬಂದಿದ್ದಾರೆ. ಮಿಷನರಿ ಚರಿತ್ರಕಾರರಿಗೆ ಅದು ಭಕ್ತಿಯನ್ನು ಪುಷ್ಟಿಗೊಳಿಸುವ ಕಥೆ. ಅವರ ಎದುರಾಳಿಗಳಿಗೆ ಅದು ಸಂಸ್ಕೃತ ವಿದುಷಿಯೊಬ್ಬರು ಸ್ವಜನರಿಗೆ ವಿಮುಖರಾದ ದಾಖಲೆ. ಉಭಯಪಕ್ಷಗಳ ಕಣ್ಣೂ ಮತಾಂತರವೆಂಬ ಒಂದೇ ಘಟನೆಯ ಮೇಲೆ ನೆಟ್ಟಿರುವುದು ಗಮನಾರ್ಹ. ನಾವು ಎತ್ತಬಯಸುವ ಪ್ರಶ್ನೆ ಬೇರೆ. ಸಂಕಟದ ದಿನಗಳನ್ನು ಕಂಡ ತಮಗೆ ಕ್ರೈಸ್ತಶ್ರದ್ಧೆಯಿಂದ ಭರವಸೆ ದೊರೆಯಿತೆಂದು ಗ್ರಂಥಕರ್ತೃಗಳು ಹೇಳುತ್ತಾರೆ. ಆ ಭರವಸೆ ಎಂಥದು? ಅದು ಯಾವಾಗ, ಯಾವ ಬಗೆಯಲ್ಲಿ ಒದಗಿತು? ಅವರ ಹೇಳಿಕೆಯನ್ನು ಇತರ ಆಧಾರಗಳು ಎಷ್ಟರಮಟ್ಟಿಗೆ ಸಮರ್ಥಿಸುತ್ತವೆ?

‘ಸಾಕ್ಷ್ಯ’ವೆಂಬ ಬರಹದ ಜಾತಿಯನ್ನು ಮೊದಲು ಅರಿತುಕೊಳ್ಳಬೇಕು. ಅದು ದಿನಚರಿಯಲ್ಲ, ಕಾಗದವೂ ಅಲ್ಲ. ನಂಬಿದವರು ನಂಬಿದವರಿಗಾಗಿ, ತಮ್ಮ ಬಾಳಿನಲ್ಲಿ ದೇವರು ಏನು ಮಾಡಿದನೆಂಬುದನ್ನು ಸಾರುವುದಕ್ಕಾಗಿ ಬರೆಯುವ ಬರಹವದು. ಅಲ್ಲಿ ಕಥೆಯ ಕೊನೆ ಲೇಖಕರಿಗೆ ಮೊದಲೇ ಗೊತ್ತು. ಆದುದರಿಂದ ಹಿಂದಿನ ಪ್ರತಿಯೊಂದು ದುಃಖವೂ ಮುಂದಿನ ಸುಖಕ್ಕೆ ಮೆಟ್ಟಿಲಾಗಿ ಕಾಣಿಸುತ್ತದೆ. ಇಂಥ ಬರಹವನ್ನು ಅವಿಶ್ವಾಸದಿಂದ ನೋಡಬೇಕೆಂದು ನಾವು ಹೇಳುವುದಿಲ್ಲ. ಬೇರೆ ಬರಹಗಳ ಜೊತೆಗಿಟ್ಟು ನೋಡಬೇಕೆಂದಷ್ಟೇ ನಮ್ಮ ಅಭಿಪ್ರಾಯ. ಅದೃಷ್ಟವಶಾತ್ ಹಾಗೆ ನೋಡಲು ಸಾಮಗ್ರಿಯುಂಟು. ತಮ್ಮ ಕುಟುಂಬದ ಅವಸಾನದ ಕಥೆಯನ್ನು ರಮಾಬಾಯಿಯವರು ಸುಮಾರು ಹತ್ತು ಹತ್ತು ವರ್ಷಗಳ ಅಂತರದಲ್ಲಿ ಮೂರು ಬಾರಿ ಲೋಕಕ್ಕೆ ತಿಳಿಸಿದ್ದಾರೆ: ೧೮೮೭ರಲ್ಲಿ ‘ದಿ ಹೈ-ಕ್ಯಾಸ್ಟ್ ಹಿಂದೂ ವುಮನ್’ ಗ್ರಂಥಕ್ಕೆ ಅಮೆರಿಕದ ಡಾ. ರೇಚೆಲ್ ಬಾಡ್ಲಿಯವರು ಬರೆದ ಪೀಠಿಕೆಯ ಮೂಲಕ, ೧೮೯೭ರ ಸುಮಾರಿನಲ್ಲಿ ‘ಫ್ಯಾಮಿನ್ ಎಕ್ಸ್‌ಪೀರಿಯನ್ಸಸ್’ ಎಂಬ ಕಿರುಹೊತ್ತಗೆಯಲ್ಲಿ, ಕೊನೆಗೆ ೧೯೦೭ರ ‘ಸಾಕ್ಷ್ಯ’ದಲ್ಲಿ. ಇದಲ್ಲದೆ, ಇಂಗ್ಲೆಂಡಿನ ಕ್ರೈಸ್ತ ಸಂನ್ಯಾಸಿನಿಯರೊಡನೆ ಅವರು ನಡೆಸಿದ ಪತ್ರವ್ಯವಹಾರವು ಎ. ಬಿ. ಶಾ ಅವರ ಸಂಪಾದಕತ್ವದಲ್ಲಿ ೧೯೭೭ರಲ್ಲಿ ಮುಂಬಯಿಯಿಂದ ಪ್ರಕಟವಾಗಿದೆ.

ಕಥೆಯ ಆರಂಭ ನಮ್ಮ ನಾಡಿನಲ್ಲಿಯೇ. ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗರೆಯವರು ಇಂದಿನ ಕಾರ್ಕಳ ತಾಲ್ಲೂಕಿಗೆ ಸೇರಿದ, ಘಟ್ಟದ ಬುಡದಲ್ಲಿರುವ ಮಾಳ ಗ್ರಾಮದ ಚಿತ್ಪಾವನ ಬ್ರಾಹ್ಮಣರು. ಪೇಶ್ವೆಯ ಅರಮನೆಯಲ್ಲಿ ರಾಣಿಗೆ ಸಂಸ್ಕೃತವನ್ನು ಕಲಿಸುವುದನ್ನು ತರುಣದಲ್ಲಿ ಕಂಡ ಅವರು, ತಮ್ಮ ಹೆಂಡತಿ ಲಕ್ಷ್ಮೀಬಾಯಿಗೂ ಅದನ್ನು ಕಲಿಸಿದರು. ಊರವರ ಆಕ್ಷೇಪಣೆ ಬೆಳೆದು, ಉಡುಪಿಯ ವಿದ್ವತ್ಸಭೆಯ ಮುಂದೆ ನಿಂತು, ಸ್ತ್ರೀಯರಿಗೆ ಸಂಸ್ಕೃತವನ್ನು ಬೋಧಿಸುವುದು ಶಾಸ್ತ್ರವಿರುದ್ಧವಲ್ಲವೆಂದು ಅವರು ಪ್ರತಿಪಾದಿಸಬೇಕಾಯಿತು. ತರುವಾಯ ತುಂಗಾ, ಭದ್ರಾ, ನೇತ್ರಾವತಿಗಳ ಉಗಮವಾದ ಗಂಗಾಮೂಲದ ಕಾಡಿನಲ್ಲಿ ಆಶ್ರಮದಂತಹ ಮನೆಯನ್ನು ಕಟ್ಟಿಕೊಂಡರು. ೧೮೫೮ರ ಏಪ್ರಿಲ್ ತಿಂಗಳಿನಲ್ಲಿ ರಮಾಬಾಯಿಯವರು ಹುಟ್ಟಿದ್ದು ಅಲ್ಲಿ. ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ ಅತಿಥಿಸತ್ಕಾರ ದಾನಧರ್ಮಗಳಲ್ಲಿ ಆಸ್ತಿ ಕರಗಿಹೋಗಿದ್ದಿತು. ಬೆತ್ತದ ಬುಟ್ಟಿಯಲ್ಲಿ ಮಗುವನ್ನಿಟ್ಟು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಕುಟುಂಬವು ಘಟ್ಟವಿಳಿದು ಯಾತ್ರೆ ಹೊರಟಿತು. ಅಂದಿನಿಂದ ಅವರಿಗೆ ಊರೆಂಬುದಿಲ್ಲ. ಕ್ಷೇತ್ರಗಳಲ್ಲಿ ಪುರಾಣವನ್ನು ಓದಿ, ಕೇಳಿದವರು ಕೊಟ್ಟ ದವಸ ದಕ್ಷಿಣೆಗಳಿಂದ ಜೀವನ.

ಮದರಾಸು ಪ್ರಾಂತದ ಮಹಾಕ್ಷಾಮವು ೧೮೭೬–೭೭ರಲ್ಲಿ ಪರಾಕಾಷ್ಠೆಗೆ ಮುಟ್ಟಿತೆಂದೂ, ಅದಕ್ಕೆ ಮೂರು ವರ್ಷ ಮುಂಚಿತವಾಗಿಯೇ ಅದು ಆರಂಭವಾಗಿದ್ದಿತೆಂದೂ ರಮಾಬಾಯಿಯವರು ಬರೆಯುತ್ತಾರೆ. ಸರಕಾರದ ಲೆಕ್ಕದಲ್ಲಿ ಕ್ಷಾಮ ಕಾಣಿಸಿಕೊಳ್ಳುವುದಕ್ಕೆ ಮೊದಲೇ, ಪುರಾಣಿಕರಂತಹ ಪರಾಶ್ರಿತರ ಮನೆಯಲ್ಲಿ ಅದು ಕಾಣಿಸಿಕೊಳ್ಳುತ್ತದೆಂಬ ಈ ಮಾತು ಯೋಚಿಸತಕ್ಕದ್ದು. ಕೇಳುವವರಿಗೇ ಅನ್ನವಿಲ್ಲದಾಗ ಪುರಾಣ ಓದುವವರಿಗೆ ಕೊಡುವವರು ಯಾರು? ಇದ್ದ ಹಣವನ್ನೂ ಒಡವೆ ಪಾತ್ರೆಗಳನ್ನೂ ದೇವತೆಗಳ ಪ್ರೀತ್ಯರ್ಥವಾಗಿ ವೆಚ್ಚಮಾಡಿದರು, ಉಪವಾಸವಿದ್ದರು, ಜಪಮಾಡಿದರು. ತಿರುಪತಿಯ ಸಮೀಪದ ಕಾಡಿನಲ್ಲಿ ಎಲೆಗಳನ್ನು ತಿಂದು ದಿನಗಳನ್ನು ನೂಕಿದರು. ವೃದ್ಧರೂ ಅಂಧರೂ ಆಗಿದ್ದ ತಂದೆಯವರು ಜಲಸಮಾಧಿಗೆ ಸಿದ್ಧರಾದರು. ಆಗ ಮಗ ಶ್ರೀನಿವಾಸನು, ಬ್ರಾಹ್ಮಣನಿಗೆ ತಕ್ಕುದಲ್ಲವಾದರೂ ಕೂಲಿಮಾಡಿಯಾದರೂ ಸಾಕುತ್ತೇನೆಂದು ಮುಂದೆ ಬಂದುದರಿಂದ ಆ ಸಂಕಲ್ಪ ನಿಂತಿತು. ಆದರೆ ತಂದೆ ಬಹುಕಾಲ ಉಳಿಯಲಿಲ್ಲ. ಸಾಯುವ ಮುನ್ನ ಕಿರಿಯ ಮಗಳನ್ನು ತೋಳಿನಿಂದ ಬಳಸಿಕೊಂಡು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ಅವನೊಬ್ಬನ ಸೇವೆಯನ್ನೇ ಮಾಡು ಎಂಬರ್ಥದ ಮಾತನ್ನಾಡಿದರು. ತರುವಾಯ ರಾಯಚೂರಿನಲ್ಲಿ ತಾಯಿ ಹಾಸಿಗೆ ಹಿಡಿದರು. ಅವರಿಗಾಗಿ ನೆರೆಮನೆಗೆ ಒಂದು ತುಂಡು ಸಜ್ಜೆರೊಟ್ಟಿಯನ್ನು ಬೇಡಲು ಹೋದ ಹುಡುಗಿಗೆ ಬಾಯಿ ತೆರೆಯಲಾಗಲಿಲ್ಲ. ರೊಟ್ಟಿ ದೊರೆತರೂ ತಾಯಿಗೆ ಅದನ್ನು ತಿನ್ನುವ ಶಕ್ತಿ ಉಳಿದಿರಲಿಲ್ಲ. ಅಕ್ಕನೂ ಅನಂತರ ತೀರಿಕೊಂಡರು.

ಇದೇ ಸಂಗತಿಗಳನ್ನು ಮೂರು ಬರಹಗಳು ಮೂರು ಬಗೆಯಾಗಿ ಹೇಳುತ್ತವೆ. ೧೮೮೭ರ ಪೀಠಿಕೆಯಲ್ಲಿ ಮನಸ್ಸಿಗೆ ನಾಟುವ ಚಿತ್ರ ತಾಯಿಯ ಶವಯಾತ್ರೆಯದು. ಹೊರುವವರು ಸಾಲದೆ, ಇಬ್ಬರು ಬ್ರಾಹ್ಮಣರ ಜೊತೆಗೆ ಮಗ ಮಗಳೇ ಚಟ್ಟಕ್ಕೆ ಹೆಗಲು ಕೊಡಬೇಕಾಗಿ, ಕುಳ್ಳಾಗಿದ್ದ ಮಗಳು ಅದನ್ನು ತಲೆಯ ಮೇಲೆ ಹೊತ್ತಳೆಂಬುದು. ಅಮೆರಿಕದ ಓದುಗರ ಮುಂದೆ ಉಚ್ಚವರ್ಣದ ಸ್ತ್ರೀಯ ದುಃಸ್ಥಿತಿಯನ್ನಿಡಬೇಕಾದ ಗ್ರಂಥಕ್ಕೆ ಅದು ಒಪ್ಪುವ ಚಿತ್ರವೇ ಸರಿ. ೧೮೯೭ರ ಹೊತ್ತಗೆಯಲ್ಲಿ ಒತ್ತು ಬೀಳುವುದು ಹಸಿವಿನ ಮೇಲೆ ಮತ್ತು ನಾಚಿಕೆಯ ಮೇಲೆ: ಬೇಡುವುದಕ್ಕೆ ಅಭಿಮಾನ ಅಡ್ಡ, ದುಡಿಯುವುದಕ್ಕೂ ಅಭಿಮಾನ ಅಡ್ಡ, ದುಡಿಯಬೇಕೆಂದರೂ ಪುರಾಣಪಠನವೊಂದನ್ನುಳಿದು ಬೇರಾವ ಕೆಲಸವೂ ಬಾರದು. ‘ಸಾಕ್ಷ್ಯ’ದಲ್ಲಾದರೋ ಭಾರವೆಲ್ಲ ದೇವತೆಗಳ ಮೌನದ ಮೇಲೆ ಬೀಳುತ್ತದೆ. ಗ್ರಂಥಗಳು ವಿಧಿಸಿದ ಸಕಲ ನಿಯಮಗಳನ್ನೂ ತಾವು ಪಾಲಿಸಿದರೂ ಫಲ ದೊರೆಯಲಿಲ್ಲವೆಂಬುದು ಅಲ್ಲಿಯ ದೂರು. ಈ ಮೂರರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಕಾಲಕಾಲಕ್ಕೆ ಬರೆಯುವವರ ಉದ್ದೇಶ ಬದಲಾದಂತೆ ಒಂದೇ ನೆನಪಿನ ಬೇರೆ ಬೇರೆ ಮುಖಗಳು ಬೆಳಕಿಗೆ ಬಂದಿವೆ. ನಮ್ಮ ವಿಷಯಕ್ಕೆ ೧೮೯೭ರ ಹೊತ್ತಗೆಯೇ ಹೆಚ್ಚು ಮುಖ್ಯವೆಂದು ಮುಂದೆ ತೋರಿಸುತ್ತೇವೆ. ‘ಸಾಕ್ಷ್ಯ’ವನ್ನು ಮಾತ್ರ ಓದುವವರಿಗೆ ಅದು ಕೈತಪ್ಪಿಹೋಗುತ್ತದೆ.

ಉಳಿದ ಅಣ್ಣತಂಗಿಯರಿಬ್ಬರೂ ಕಾಲ್ನಡಿಗೆಯಲ್ಲಿ ಕಾಶ್ಮೀರದ ಕಡೆಯವರೆಗೆ ಅಲೆದರು. ಝೇಲಂ ನದಿಯ ದಂಡೆಯಲ್ಲಿ ಚಳಿಯನ್ನು ತಡೆಯಲಾರದೆ, ಮರಳಿನಲ್ಲಿ ಸಮಾಧಿಯಂತಹ ಎರಡು ಗುಂಡಿಗಳನ್ನು ತೋಡಿ, ತಲೆಯೊಂದನ್ನು ಹೊರಗಿಟ್ಟು, ಮೈಮೇಲೆ ಮರಳನ್ನೆಳೆದುಕೊಂಡು ರಾತ್ರಿಯನ್ನು ಕಳೆದರೆಂದು ‘ಸಾಕ್ಷ್ಯ’ವು ಹೇಳುತ್ತದೆ. ಇಡೀ ಪುಸ್ತಕದಲ್ಲಿ ವ್ಯಾಖ್ಯಾನದ ಸೋಂಕಿಲ್ಲದೆ ನಿಂತಿರುವ ಭಾಗವಿದು. ನಮ್ಮ ದೃಷ್ಟಿಯಲ್ಲಿ ಅದರ ಬೆಲೆ ಹೆಚ್ಚು.

೧೮೭೮ರಲ್ಲಿ ಕಲ್ಕತ್ತೆಯಲ್ಲಿ ದೊರೆತ ‘ಪಂಡಿತಾ’, ‘ಸರಸ್ವತಿ’ ಬಿರುದುಗಳು, ೧೮೮೦ರಲ್ಲಿ ಅಣ್ಣನ ಮರಣ, ಅದೇ ವರ್ಷ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ವಿವಾಹ, ೧೮೮೧ರಲ್ಲಿ ಮಗಳು ಮನೋರಮೆಯ ಜನನ, ೧೮೮೨ರಲ್ಲಿ ಪತಿವಿಯೋಗ — ಇವು ಪ್ರಸಿದ್ಧವಾದ ಸಂಗತಿಗಳು. ಸಿಲ್ಚಾರಿನ ಮನೆಯಲ್ಲಿದ್ದಾಗ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯೊಂದು ಅವರ ಕೈಗೆ ಬಿದ್ದಿತು. ೧೮೮೩ರಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಆ ವರ್ಷದ ಸೆಪ್ಟೆಂಬರ್ ೨೯ರಂದು ವಾಂಟೇಜ್ ಎಂಬಲ್ಲಿ ದೀಕ್ಷಾಸ್ನಾನವಾಯಿತು. ಇದಕ್ಕೆ ಪ್ರೇರಣೆ ಯಾವುದೆಂಬುದನ್ನು ‘ಸಾಕ್ಷ್ಯ’ವೇ ತಿಳಿಸುತ್ತದೆ. ನೀಲಕಂಠ ಗೋರೆಯವರ ತರ್ಕವು ಅವರ ಬುದ್ಧಿಯನ್ನು ಒಪ್ಪಿಸಿದ್ದಿರಬಹುದು. ಆದರೆ ಮನಸ್ಸನ್ನು ಕದಲಿಸಿದುದು ಲಂಡನ್ನಿನ ಫುಲ್ಹ್ಯಾಮಿನಲ್ಲಿ ವಾಂಟೇಜಿನ ಸಂನ್ಯಾಸಿನಿಯರು ನಡೆಸುತ್ತಿದ್ದ, ಸಮಾಜವು ಪತಿತೆಯರೆಂದು ಹೊರದೂಡಿದ ಹೆಂಗಸರ ಆಶ್ರಯಧಾಮ. ಇವರನ್ನು ನೀವೇಕೆ ಆದರಿಸುತ್ತೀರಿ ಎಂದು ಕೇಳಿದಾಗ, ಅಲ್ಲಿಯವರು ಯೋಹಾನನ ಸುವಾರ್ತೆಯಿಂದ ಸಮಾರ್ಯದ ಸ್ತ್ರೀಯ ಪ್ರಸಂಗವನ್ನು ಓದಿ ಹೇಳಿದರು. ಅಂದರೆ ರಮಾಬಾಯಿಯವರು ಮೊದಲು ಕಂಡುದು ಒಂದು ಕೆಲಸವನ್ನು. ಆ ಕೆಲಸಕ್ಕೆ ಕಾರಣವಾದ ಮಾತನ್ನು ಕೇಳಿದುದು ಅನಂತರ. ಪುರಾಣದ ಫಲಶ್ರುತಿಯನ್ನು ನಂಬಿ ಎಲ್ಲವನ್ನೂ ಕಳೆದುಕೊಂಡವರಿಗೆ ಈ ಕ್ರಮವೇ ಒಪ್ಪಿಗೆಯಾದುದು ಸಹಜ.

ಶಾಸ್ತ್ರಗಳಲ್ಲಿ ಸ್ತ್ರೀಯರಿಗೆ ಗತಿಯಿಲ್ಲವೆಂದು ‘ಸಾಕ್ಷ್ಯ’ವು ಖಂಡತುಂಡವಾಗಿ ಹೇಳುವಾಗ ಓದುಗರು ಉಡುಪಿಯ ಸಭೆಯನ್ನು ನೆನೆಯಬೇಕು. ಅವೇ ಶಾಸ್ತ್ರಗಳಿಂದ ಸ್ತ್ರೀವಿದ್ಯೆಗೆ ಆಧಾರವನ್ನೆತ್ತಿ ತೋರಿಸಿದವರು ಅದೇ ಪುಸ್ತಕದ ಮೊದಲ ಪುಟಗಳಲ್ಲಿ ಬರುವ ತಂದೆಯವರು. ತಂದೆಯ ಓದಿಗೂ ಮಗಳ ಓದಿಗೂ ನಡುವಣ ಈ ಅಂತರವನ್ನು ಗ್ರಂಥವು ವಿವರಿಸುವುದಿಲ್ಲ. ಇದು ಅದರ ಒಂದು ಕೊರತೆಯೆಂದೇ ಹೇಳಬೇಕು.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ದೀಕ್ಷಾಸ್ನಾನದಿಂದಲೇ ತಮಗೆ ಭರವಸೆ ದೊರೆಯಿತೆಂದು ರಮಾಬಾಯಿಯವರು ಎಲ್ಲಿಯೂ ಹೇಳಿಲ್ಲ. ತಾವು ಆಗ ಕ್ರೈಸ್ತಮತವನ್ನು ಪಡೆದರೂ ಕ್ರಿಸ್ತನನ್ನು ಪಡೆದಿರಲಿಲ್ಲವೆಂದೂ, ಸುಮಾರು ಎಂಟು ವರ್ಷಗಳ ಬಳಿಕ, ೧೮೯೧ರ ಸುಮಾರಿಗೆ, ಹ್ಯಾಸ್ಲಮ್ ಎಂಬ ಪಾದ್ರಿಯ ‘ಫ್ರಮ್ ಡೆತ್ ಇಂಟು ಲೈಫ್’ ಪುಸ್ತಕವನ್ನು ಓದಿ ತಮ್ಮ ಕೊರತೆಯನ್ನರಿತು ಶಾಂತಿಯನ್ನು ಕಂಡುಕೊಂಡೆವೆಂದೂ ಅವರು ಬರೆಯುತ್ತಾರೆ. ನಡುವಣ ಕಾಲವನ್ನು ಹಲವು ಪಂಗಡಗಳ ಗೊಂದಲದಲ್ಲಿ ದಾರಿ ಕಾಣದಿದ್ದ ಕಾಲವೆಂದು ಬಣ್ಣಿಸಿ ಬೇಗನೆ ದಾಟಿಬಿಡುತ್ತಾರೆ. ೧೯೭೭ರಲ್ಲಿ ಪ್ರಕಟವಾದ ಪತ್ರಗಳನ್ನು ಓದಿದವರು ಹಾಗೆ ದಾಟಲಾರರು.

ಆ ಪತ್ರಗಳಲ್ಲಿ ಕಾಣುವುದು ದಾರಿ ತಪ್ಪಿದವರ ಗೊಂದಲವಲ್ಲ. ವಾದಕ್ಕೆ ನಿಂತ ಪಂಡಿತೆಯ ಧೈರ್ಯ. ವಾಂಟೇಜಿನ ಸಿಸ್ಟರ್ ಜೆರಾಲ್ಡಿನ್ ಅವರು ಧರ್ಮಮಾತೆಯ ಸ್ಥಾನದಿಂದ ವಿಧೇಯತೆಯನ್ನು ಬಯಸುತ್ತಾರೆ. ಈಕೆ ತ್ರಯೇಕತ್ವದ ತತ್ತ್ವವನ್ನು ಪ್ರಶ್ನಿಸುತ್ತಾರೆ. ಚೆಲ್ಟೆನ್‌ಹ್ಯಾಮಿನ ಮಹಿಳಾ ಕಾಲೇಜಿನ ಮುಖ್ಯಸ್ಥೆ ಡೊರೊಥಿಯಾ ಬೀಲ್ ಅವರೊಡನೆ ತತ್ತ್ವವಿಚಾರ ಸ್ನೇಹದಿಂದಲೇ ಸಾಗುತ್ತದೆ. ಗಂಡಸರಿಗೆ ಪಾಠ ಹೇಳುವುದು ಭಾರತೀಯ ಸ್ತ್ರೀಗೆ ತಕ್ಕುದಲ್ಲವೆಂದು ಭಾರತದಲ್ಲಿದ್ದ ಬಿಷಪ್ಪರು ಅಡ್ಡಬಂದಾಗ, ಭಾರತದಲ್ಲಿ ಪುರುಷರ ಸಭೆಗಳಲ್ಲಿ ಪುರಾಣವನ್ನು ಹೇಳಿದ್ದ ಈಕೆ ಕೆರಳುತ್ತಾರೆ. ಧರಿಸುವ ಶಿಲುಬೆಯ ಮೇಲಿನ ಬರಹ ಲ್ಯಾಟಿನ್ನಿನಲ್ಲೇಕೆ, ಸಂಸ್ಕೃತದಲ್ಲೇಕಿರಬಾರದೆಂದು ವಾದಿಸುತ್ತಾರೆ. ಒಂದು ಪುರೋಹಿತವರ್ಗದ ನೊಗವನ್ನು ಬಹುಕಷ್ಟದಿಂದ ಕಳಚಿ ಬಂದಿರುವಾಗ ಇನ್ನೊಂದಕ್ಕೆ ಕೊರಳೊಡ್ಡಲಾರೆನೆಂಬುದು ಆ ಪತ್ರಗಳ ಒಟ್ಟು ಧ್ವನಿ. ಮನಸ್ಸಾಕ್ಷಿಯನ್ನು ದೇವರು ತಮಗೆ ಕೊಟ್ಟಿರುವಾಗ ಅದನ್ನು ಪರರ ವಶಕ್ಕೆ ಒಪ್ಪಿಸುವುದು ಸಲ್ಲದೆಂದು ಅವರ ನಿಲುವು.

ಭಕ್ತರು ಈ ಎಂಟು ವರ್ಷಗಳನ್ನು ಬರಡುಗಾಲವೆಂದು ಎಣಿಸುತ್ತಾರೆ; ‘ಸಾಕ್ಷ್ಯ’ವೂ ಅದಕ್ಕೆ ಎಡೆಕೊಡುತ್ತದೆ. ನಮ್ಮ ಅಭಿಪ್ರಾಯ ಇದಕ್ಕೆ ವಿರುದ್ಧವಾದುದು. ತಂದೆ, ತಾಯಿ, ಅಕ್ಕ, ಅಣ್ಣ, ಪತಿ ಎಲ್ಲರನ್ನೂ ಕಳೆದುಕೊಂಡು, ಜೊತೆಗೆ ಬಂದಿದ್ದ ಗೆಳತಿ ಆನಂದಿಬಾಯಿ ಭಗತ್ ಅವರ ದಾರುಣ ಮರಣವನ್ನೂ ವಾಂಟೇಜಿನಲ್ಲಿ ಕಂಡು, ಚಿಕ್ಕ ಮಗಳೊಡನೆ ಪರರ ಅನ್ನದಲ್ಲಿ ಪರದೇಶದಲ್ಲಿದ್ದ ಇಪ್ಪತ್ತೈದರ ವಿಧವೆಯೊಬ್ಬರು ಅನ್ನವಿತ್ತವರೊಡನೆ ಹೀಗೆ ವಾದಿಸಬಲ್ಲರಾದರೆ, ಅವರಲ್ಲಿ ಭರವಸೆ ಇರಲಿಲ್ಲವೆಂದು ಹೇಳುವುದು ಹೇಗೆ? ೧೮೯೧ರಲ್ಲಿ ದೊರೆತುದು ಶಾಂತಿ. ಅದನ್ನು ಅಲ್ಲಗಳೆಯಲು ನಮಗೆ ಅಧಿಕಾರವಿಲ್ಲ. ಆದರೆ ಮುಂದಿನ ಕಾರ್ಯಕ್ಕೆ ಬೇಕಾದ ಬೆನ್ನೆಲುಬು ಬಲಿತುದು ಆ ವಾದದ ವರ್ಷಗಳಲ್ಲಿಯೇ.

ಇಲ್ಲಿ ಒಂದು ಪದದ ಮಾತನ್ನು ಹೇಳಬೇಕಾಗಿದೆ. ಕನ್ನಡ ಸತ್ಯವೇದದಲ್ಲಿ ನಂಬಿಕೆ, ಪ್ರೀತಿಗಳ ಜೊತೆಗೆ ಬರುವ ಮೂರನೆಯ ಗುಣವನ್ನು ‘ನಿರೀಕ್ಷೆ’ ಎಂದು ಕರೆದಿದೆ. ನಮ್ಮ ವ್ಯವಹಾರದಲ್ಲಿ ನಿರೀಕ್ಷೆಯೆಂದರೆ ದಾರಿ ನೋಡುವುದು, ಕಾಯುವುದು. ಭರವಸೆಯೆಂದರೆ ಒಂದರ ಮೇಲೆ ಭಾರಹಾಕಿ ಮುಂದೆ ಹೆಜ್ಜೆಯಿಡುವುದು. ಭಾಷಾಂತರಕಾರರ ಆಯ್ಕೆಯನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ತಿರುಪತಿಯ ಕಾಡಿನಲ್ಲಿ ಡೋಂಗರೆ ಕುಟುಂಬಕ್ಕಿದ್ದುದು ನಿರೀಕ್ಷೆ. ಇಷ್ಟು ಜಪಕ್ಕೆ ಇಷ್ಟು ಫಲವೆಂಬ ಒಪ್ಪಂದದ ನಿರೀಕ್ಷೆ. ೧೮೯೬ರಲ್ಲಿ ಮಧ್ಯಪ್ರಾಂತಗಳಿಗೆ ಹೊರಟ ರಮಾಬಾಯಿಯವರಲ್ಲಿದ್ದುದು ಎರಡನೆಯದು.

ಆ ವರ್ಷ ಮಧ್ಯಪ್ರಾಂತಗಳಲ್ಲಿ ಕ್ಷಾಮ ತಲೆದೋರಿದಾಗ ಅವರಿಗೆ ಇಪ್ಪತ್ತೆರಡು ವರ್ಷ ಹಿಂದಿನ ತಮ್ಮ ದಿನಗಳು ನೆನಪಾದುವು. ೧೮೯೭ರ ಹೊತ್ತಗೆ ಹುಟ್ಟಿದುದು ಈ ಸಂದರ್ಭದಲ್ಲಿ. ನಿರಾಶ್ರಿತ ಹುಡುಗಿಯರು ಯಾರ ಕೈಗೆ ಬೀಳುವರೋ ಎಂಬ ಭಯದಿಂದ ಅವರು ತಾವೇ ಹೋಗಿ, ನೂರಾರು ಬಾಲೆಯರನ್ನೂ ವಿಧವೆಯರನ್ನೂ ಕರೆತಂದರು. ಪುಣೆಯಲ್ಲಿ ಪ್ಲೇಗಿನ ಹಾವಳಿಯಿದ್ದ ಕಾರಣ ಕೇಡಗಾಂವದ ಹೊಲದಲ್ಲಿ ಅವರಿಗೆ ನೆಲೆಯಾಯಿತು, ಅದೇ ‘ಮುಕ್ತಿ’. ೧೯೦೦ರ ಗುಜರಾತಿನ ಕ್ಷಾಮದ ಬಳಿಕ ಅಲ್ಲಿದ್ದವರ ಸಂಖ್ಯೆ ಸಾವಿರವನ್ನು ಮೀರಿತು. ೧೮೮೯ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಶಾರದಾಸದನವು ಮುಖ್ಯವಾಗಿ ಉಚ್ಚವರ್ಣದ ವಿಧವೆಯರಿಗಾಗಿ ಇದ್ದುದು. ಕ್ಷಾಮವು ಆ ಬಾಗಿಲನ್ನು ಎಲ್ಲ ಜಾತಿಯವರಿಗೂ ತೆರೆಯಿತು. ‘ಮುಕ್ತಿ’ಯಲ್ಲಿ ಹುಡುಗಿಯರಿಗೆ ಓದುಬರಹದ ಜೊತೆಗೆ ನೇಯ್ಗೆ, ಬೇಸಾಯ, ಹೈನು, ಎಣ್ಣೆ ತೆಗೆಯುವುದು, ಅಚ್ಚುಮೊಳೆ ಜೋಡಿಸುವುದು ಮೊದಲಾದ ಕಸುಬುಗಳನ್ನು ಕಲಿಸುತ್ತಿದ್ದರು. ದುಡಿಯಲು ಅಭಿಮಾನ ಅಡ್ಡ, ದುಡಿಮೆಯೂ ಬಾರದು ಎಂದು ೧೮೯೭ರ ಹೊತ್ತಗೆ ಹೇಳಿಕೊಂಡ ಸಂಕಟಕ್ಕೆ ಇದು ಅಕ್ಷರಶಃ ಪ್ರತ್ಯುತ್ತರ. ರಾಯಚೂರಿನಲ್ಲಿ ಒಂದು ರೊಟ್ಟಿಗಾಗಿ ಬಾಯಿಬಿಡಲಾರದೆ ನಿಂತವರು, ಇನ್ನೊಬ್ಬ ಹುಡುಗಿ ಹಾಗೆ ನಿಲ್ಲಬಾರದೆಂದು ಕಟ್ಟಿದ ವ್ಯವಸ್ಥೆಯದು. ‘ಸಾಕ್ಷ್ಯ’ದಲ್ಲಿ ಇದೆಲ್ಲವೂ ಪ್ರಾರ್ಥನೆಯ ಫಲವಾಗಿ ಕಾಣಿಸಿಕೊಳ್ಳುತ್ತದೆ. ಮಗ್ಗಕ್ಕೂ ಗಾಣಕ್ಕೂ ಅಲ್ಲಿ ಸಲ್ಲಬೇಕಾದಷ್ಟು ಸ್ಥಳ ಸಂದಿಲ್ಲ. ೧೯೦೫ರಲ್ಲಿ ‘ಮುಕ್ತಿ’ಯಲ್ಲಿ ಕಾಣಿಸಿಕೊಂಡ ಭಕ್ತಿಯ ಉಬ್ಬರವಿಳಿಯುವ ಮುನ್ನವೇ ಬರೆದ ಪುಸ್ತಕವಾದುದರಿಂದ ಹಾಗಾಗಿರಬಹುದು.

ಇನ್ನು ಒಂದು ಪ್ರಶ್ನೆಯನ್ನು ಮುಚ್ಚಿಡಲಾಗದು. ವಿದ್ಯಾರ್ಥಿನಿಯರು ಇವರ ಪ್ರಾರ್ಥನೆಗಳಿಗೆ ಬರುತ್ತಿದ್ದಾರೆಂಬ ಕಾರಣದಿಂದ ೧೮೯೩ರಲ್ಲಿ ರಾನಡೆ, ಭಾಂಡಾರ್ಕರ್ ಮೊದಲಾದವರು ಶಾರದಾಸದನದ ಸಲಹಾಮಂಡಲಿಯಿಂದ ಹೊರಬಂದರು. ಮತದ ವಿಷಯದಲ್ಲಿ ಸದನವು ತಟಸ್ಥವೆಂದು ನಂಬಿ ಮಕ್ಕಳನ್ನು ಕಳುಹಿಸಿದವರ ಅಸಮಾಧಾನ ನಿರಾಧಾರವಾದುದೆಂದು ನಾವು ಹೇಳಲಾರೆವು. ಬಾಗಿಲನ್ನು ತೆರೆದಿಟ್ಟು ಪ್ರಾರ್ಥಿಸುವ ಹಕ್ಕು ತಮಗುಂಟೆಂಬ ರಮಾಬಾಯಿಯವರ ವಾದವೂ ಲಘುವಾದುದಲ್ಲ. ‘ಮುಕ್ತಿ’ಯಾದರೋ ಬಹಿರಂಗವಾಗಿಯೇ ಕ್ರೈಸ್ತಸಂಸ್ಥೆ. ಕ್ಷಾಮದಿಂದ ಎಲುಬುಗೂಡಾಗಿ ಬಂದ ಹತ್ತು ವರ್ಷದ ಹುಡುಗಿಗೆ, ಜೆರಾಲ್ಡಿನ್ ಅವರ ಮುಂದೆ ರಮಾಬಾಯಿಯವರು ನಿಂತಂತೆ ರಮಾಬಾಯಿಯವರ ಮುಂದೆ ನಿಂತು ‘ಒಪ್ಪಲಾರೆ’ ಎನ್ನಲು ಸಾಧ್ಯವಿದ್ದಿತೆ? ಅನ್ನದ ಋಣವು ಮನಸ್ಸಾಕ್ಷಿಯನ್ನು ಕಟ್ಟಿಹಾಕಬಾರದೆಂದು ಪತ್ರಗಳಲ್ಲಿ ಅಷ್ಟು ಖಚಿತವಾಗಿ ವಾದಿಸಿದವರು ‘ಸಾಕ್ಷ್ಯ’ದಲ್ಲಿ ಈ ಪ್ರಶ್ನೆಯನ್ನು ತಮಗೆ ಹಾಕಿಕೊಳ್ಳುವುದಿಲ್ಲ. ಹುಡುಗಿಯರ ಸಂತೋಷವನ್ನು ನಾವು ಅಲ್ಲಿ ಕೇಳುವುದು ಇವರ ಬಾಯಿಂದ; ಅವರ ಬಾಯಿಂದಲ್ಲ. ‘ನಮ್ಮ ಅಕ್ಷಯ ನಿಧಿ’ ಎಂಬ ಹೆಸರಿನಲ್ಲಿರುವ ‘ನಮ್ಮ’ ಎಂಬುದರೊಳಗೆ ಆ ಸಾವಿರಾರು ಮಂದಿಯೂ ಸೇರಿದ್ದಾರೆಯೆ ಎಂಬುದನ್ನು ಗ್ರಂಥವು ಊಹೆಗೆ ಬಿಟ್ಟಿದೆ. ಆದರೂ ಒಂದು ಮಾತನ್ನು ಹೇಳಲೇಬೇಕು: ಅವರನ್ನು ಕರೆತಾರದಿದ್ದರೆ ಕೇಳುವುದಕ್ಕೆ ಬಾಯಿಯೂ ಉಳಿಯುತ್ತಿರಲಿಲ್ಲ. ಈ ಎರಡು ಮಾತುಗಳಲ್ಲಿ ಯಾವುದನ್ನೂ ಇನ್ನೊಂದರಿಂದ ಅಳಿಸಿಹಾಕಬಾರದೆಂಬುದು ನಮ್ಮ ಅಭಿಮತ.

‘ಸಾಕ್ಷ್ಯ’ವು ಪ್ರಕಟವಾದ ಮೇಲೆಯೂ ರಮಾಬಾಯಿಯವರು ಹದಿನೈದು ವರ್ಷ ಬದುಕಿದ್ದರು. ಸತ್ಯವೇದವನ್ನು ಹೀಬ್ರೂ ಮತ್ತು ಗ್ರೀಕ್ ಮೂಲಗಳಿಂದ, ಅಲ್ಪಸ್ವಲ್ಪ ಓದಬಲ್ಲ ಹೆಂಗಸರಿಗೂ ತಿಳಿಯುವಂತಹ ಮರಾಠಿಗೆ ತರುವುದರಲ್ಲಿ ಆ ಕಾಲದ ಬಹುಭಾಗ ಕಳೆಯಿತು. ಕಲ್ಕತ್ತೆಯಲ್ಲಿ ಮಿಷನರಿಗಳು ಕೊಟ್ಟ ಸಂಸ್ಕೃತದ ಸತ್ಯವೇದ ತಮಗೇ ಅರ್ಥವಾಗದೆ ಹೋದುದನ್ನು ಅವರು ಮರೆತಿರಲಿಲ್ಲ. ೧೯೧೦ರ ದಶಕದಲ್ಲಿ ಮನೋರಮೆಯವರ ನೆರವಿನಿಂದ ಗುಲ್ಬರ್ಗದಲ್ಲಿ (ಈಗಿನ ಕಲಬುರಗಿ) ಶಾಲೆಯೊಂದು ಆರಂಭವಾಯಿತು. ತಾಯಿ ತೀರಿಕೊಂಡ ರಾಯಚೂರಿನ ಸೀಮೆಗೆ ಅದು ದೂರವಲ್ಲ. ೧೯೨೧ರ ಜುಲೈಯಲ್ಲಿ ಮನೋರಮೆಯವರು, ನಲವತ್ತರ ವಯಸ್ಸಿನಲ್ಲಿ, ತಾಯಿಗಿಂತ ಮೊದಲೇ ಮಿರಜಿನಲ್ಲಿ ತೀರಿಕೊಂಡರು. ಕುಟುಂಬದಲ್ಲಿ ಉಳಿದಿದ್ದ ಕೊನೆಯ ಬಂಧು ಆಕೆ. ಈ ಮರಣದ ಮೇಲೆ ರಮಾಬಾಯಿಯವರು ಎರಡನೆಯ ‘ಸಾಕ್ಷ್ಯ’ವನ್ನು ಬರೆಯಲಿಲ್ಲ. ಭಾಷಾಂತರದ ಕೆಲಸವನ್ನು ಮುಂದುವರಿಸಿದರು. ೧೯೨೨ರ ಏಪ್ರಿಲ್ ೫ರಂದು ತಾವೂ ತೀರಿಕೊಂಡರು. ‘ಮುಕ್ತಿ’ಯ ಹೆಂಗಸರೇ ಮೊಳೆ ಜೋಡಿಸಿ ಅಚ್ಚುಹಾಕಿದ ಆ ಮರಾಠಿ ಸತ್ಯವೇದವು ೧೯೨೪ರಲ್ಲಿ ಹೊರಬಂದಿತು.